ಸೋರುವ ತೊಟ್ಟಿಗೆ ಪ್ರಥಮ ಚಿಕಿತ್ಸೆ

ದೀಪದ ಬುಡದಲ್ಲೇ ಕತ್ತಲೆ ಎಂಬ ಮಾತನ್ನು ಕಟ್ಟಿದವರ ಮನೆಯಲ್ಲೂ ಒಬ್ಬಳು ಗಣಿತದ ಟೀಚರ್ ಇದ್ದಿರಬೇಕು. ಇಲ್ಲದಿದ್ದರೆ ಇಷ್ಟು ಸರಿಯಾಗಿ ಹೇಳಲು ಸಾಧ್ಯವೇ ಇರಲಿಲ್ಲ.

ನಮ್ಮ ಶಾಲೆಯಲ್ಲಿ ನನಗೆ 'ಉಪಾಯದ ಟೀಚರ್' ಎಂಬ ಅಡ್ಡಹೆಸರಿದೆ. ಪರೀಕ್ಷೆ ಹತ್ತಿರ ಬಂತೆಂದರೆ ನನ್ನ ತರಗತಿಯ ಮಕ್ಕಳಿರಲಿ, ಪಕ್ಕದ ವಿಭಾಗದವರೂ ಕಿಟಕಿಗೆ ಜೋತುಬಿದ್ದು ಕೇಳುತ್ತಾರೆ. ಪತ್ರಿಕೆ ಕೈಗೆ ಬಂದ ಕೂಡಲೇ ಪೆನ್ನು ಮುಟ್ಟಬೇಡಿ, ಮೊದಲಿಂದ ಕೊನೆಯವರೆಗೆ ಓದಿ. ಬರುವ ಲೆಕ್ಕ ಮೊದಲು ಮಾಡಿ, ಬಾರದ್ದಕ್ಕೆ ಚುಕ್ಕೆ ಇಟ್ಟು ಮುಂದೆ ನಡೆಯಿರಿ. ಉತ್ತರ ಬಂದ ಮೇಲೆ ಒಂದು ಸಲ ಅದರ ಮುಖ ನೋಡಿ. ಮಗನಿಗಿಂತ ಅಪ್ಪನ ವಯಸ್ಸು ಕಡಿಮೆ ಬಂದಿದ್ದರೆ ತಪ್ಪು ಅಪ್ಪನದಲ್ಲ, ನಿಮ್ಮದು. ಹೀಗೆ ಗಂಟಲು ಹರಿದುಕೊಂಡು ಎಷ್ಟೋ ಮಕ್ಕಳನ್ನು ದಡ ಹತ್ತಿಸಿದವಳು ನಾನು. ಅಂಥವಳ ಸ್ವಂತ ಅಣ್ಣನ ಮಗಳು, ಒಂದೇ ಮನೆಯಲ್ಲಿ ನನ್ನ ಜೊತೆ ಉಂಡು ನನ್ನ ಪಕ್ಕದಲ್ಲೇ ಮಲಗುವ ಹುಡುಗಿ, ಏಳನೇ ತರಗತಿಯ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಗಣಿತದಲ್ಲಿ ಮಕಾಡೆ ಬಿದ್ದಳು.

ಟೀಚರ್ ಮನೆಯ ಮಕ್ಕಳ ಪತ್ರಿಕೆಯನ್ನು ಆ ಟೀಚರೇ ತಿದ್ದಬಾರದು ಎಂಬುದು ನಮ್ಮಲ್ಲಿ ನಿಯಮ. ಅದಕ್ಕೇ ಅವಳನ್ನು ಎದುರಿನ ವಿಭಾಗಕ್ಕೆ, ಕಾಲಂಕ ಮೇಷ್ಟ್ರ ಕೈಗೆ ಹಾಕಿದ್ದಾರೆ. ಅವರೂ ಗಣಿತದವರೇ. 'ಆದ್ದರಿಂದ' ಎಂಬ ಪದ ಬರೆಯದಿದ್ದರೆ ಕಾಲು ಅಂಕ, ಗೆರೆ ಸೊಟ್ಟಗಿದ್ದರೆ ಕಾಲು ಅಂಕ ಕಳೆಯುವ ಮನುಷ್ಯ. ಅವರು ನಕ್ಕಿದ್ದನ್ನು ಕಂಡವರು ಸ್ಟಾಫ್ ರೂಮಿನಲ್ಲಿ ಯಾರೂ ಇಲ್ಲ. ಆ ದಿನ ಅವರು ನನ್ನ ಮೇಜಿನ ಮೇಲೆ ಉತ್ತರ ಪತ್ರಿಕೆಯೊಂದನ್ನು ಇಟ್ಟು, ಕನ್ನಡಕ ತೆಗೆದು ಒರೆಸುತ್ತಾ ನಿಂತರು.

"ಟೀಚರ್, ಇದನ್ನ ಸ್ವಲ್ಪ ನೋಡ್ತೀರಾ? ನನ್ನ ಸರ್ವಿಸ್‌ನಲ್ಲಿ ಇಂಥದ್ದು ನೋಡಿಲ್ಲ."

ನೋಡಿದೆ. ಸಂಕಲನ, ಭಿನ್ನರಾಶಿ, ಶೇಕಡಾವಾರು, ತ್ರಿಭುಜ ಯಾವುದನ್ನೂ ಅವಳು ಮುಟ್ಟಿಯೇ ಇರಲಿಲ್ಲ. ಪತ್ರಿಕೆಯ ಕಟ್ಟಕಡೆಯ ಲೆಕ್ಕ ಮಾತ್ರ ಹಾಳೆ ಹಾಳೆ ತುಂಬಿತ್ತು. ಎರಡು ನಲ್ಲಿಗಳು ಒಂದು ತೊಟ್ಟಿಯನ್ನು ತುಂಬಿಸುತ್ತವೆ, ಕೆಳಗೊಂದು ತೂತು ಅದನ್ನು ಖಾಲಿ ಮಾಡುತ್ತದೆ, ಹಾಗಾದರೆ ತೊಟ್ಟಿ ತುಂಬಲು ಎಷ್ಟು ಹೊತ್ತು ಬೇಕು ಎನ್ನುವ ಲೆಕ್ಕ ಅದು. ಮೇಷ್ಟ್ರಿಗೆ ಬಲು ಪ್ರೀತಿಯ ಲೆಕ್ಕ. ವರ್ಷಗಳಿಂದ ಕೇಳುತ್ತಲೇ ಇದ್ದಾರೆ, ಆ ತೂತು ಮುಚ್ಚಿಸಲು ಮಾತ್ರ ಇನ್ನೂ ಯಾರಿಗೂ ಪುರುಸೊತ್ತಾಗಿಲ್ಲ. ನಮ್ಮ ಹುಡುಗಿ ಅದನ್ನು ಬರೆದು, ಹೊಡೆದು, ಮತ್ತೆ ಬರೆದು, ತೊಟ್ಟಿಯ ಚಿತ್ರವನ್ನೂ ಬಿಡಿಸಿ, ಕೊನೆಗೂ ಉತ್ತರ ಸಿಗದೆ ಗಂಟೆ ಹೊಡೆಸಿಕೊಂಡು ಎದ್ದು ಬಂದಿದ್ದಳು.

"ವಾರ್ಷಿಕದಲ್ಲೂ ಹೀಗೇ ಆದ್ರೆ ನಾನೇನೂ ಮಾಡೋಕಾಗಲ್ಲ" ಎಂದರು ಮೇಷ್ಟ್ರು. "ಗಣಿತ ಹೋದ್ರೆ ಮತ್ತೆ ಏಳನೇ ಕ್ಲಾಸೇ. ನಿಮಗೆ ಗೊತ್ತಲ್ಲ."

ಗೊತ್ತಿಲ್ಲದೆ ಏನು? ಮಕ್ಕಳಿಗೆ ಆ ನಿಯಮ ಹೇಳಿ ಹೆದರಿಸುವವಳೇ ನಾನು. ಒಂದನೇ ತರಗತಿಯಿಂದ ಅವಳ ಪಕ್ಕದಲ್ಲೇ ಕೂರುವ ಗೆಳತಿ ಒಬ್ಬಳಿದ್ದಾಳೆ, ಎರಡು ಜಡೆಯವಳು. ಒಂದೇ ಡಬ್ಬಿಯಲ್ಲಿ ಇಬ್ಬರೂ ತಿನ್ನುತ್ತಾರೆ, ಒಂದೇ ಕೊಡೆಯಲ್ಲಿ ಇಬ್ಬರೂ ನೆನೆಯುತ್ತಾರೆ. ಎರಡು ಜಡೆಯವಳು ಮೇಲಿನ ಮಹಡಿಯ ಎಂಟನೇ ತರಗತಿಗೆ ಹತ್ತಿಹೋಗಿ, ನಮ್ಮವಳು ಕೆಳಗೇ ಹಳೇ ಬೆಂಚಿನಲ್ಲಿ ಉಳಿಯುವುದನ್ನು ಯೋಚಿಸಿ ನನ್ನ ಕರುಳು ಚುರುಕ್ ಎಂದಿತು. ಆಮೇಲೆ ಕೋಪ ಬಂತು. ನನಗೆ ದುಃಖ ಬಂದರೂ ಅದು ಕೋಪದ ಬಾಗಿಲಿನಿಂದಲೇ ಬರುತ್ತದೆ.

ನಮ್ಮ ಮನೆಯವರನ್ನು ಇಲ್ಲಿ ಪರಿಚಯಿಸಿಬಿಡುತ್ತೇನೆ. ಅಣ್ಣ ಆಸ್ಪತ್ರೆಯ ಆಂಬುಲೆನ್ಸ್ ಓಡಿಸುತ್ತಾನೆ. ಅತ್ತಿಗೆ ಅದೇ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ನರ್ಸ್. ಮಗಳು ಹುಟ್ಟಿದ ದಿನ ಅವಳು ಅತ್ತ ಸದ್ದು ಕೇಳಿ ಅಣ್ಣ, "ಅಯ್ಯಪ್ಪಾ, ನನ್ನ ಗಾಡಿಗಿಂತ ಇವಳ ಸೈರನ್ನೇ ಜೋರಾಗಿದೆ!" ಎಂದಿದ್ದ. ಅಂದಿನಿಂದ ಅವಳ ಹೆಸರು ಸೈರನ್. ಈಗ ಹೆಸರಷ್ಟೇ ಉಳಿದಿದೆ. ಬೆಳೆಯುತ್ತಾ ಅವಳು ಮೆದು ಮಾತಿನ, ಎಲ್ಲವನ್ನೂ ಮನಸ್ಸಿಗೆ ಹಚ್ಚಿಕೊಳ್ಳುವ ಹುಡುಗಿಯಾದಳು. ಅತ್ತರೂ ಸದ್ದಿಲ್ಲ.

ಈ ಮನೆಯಲ್ಲಿ ಅತ್ತಿಗೆಯದೇ ಒಂದು ಕಾನೂನಿದೆ: ಯಾರಿಗೆ, ಯಾವುದಕ್ಕೆ ಹೆಚ್ಚು ಕಷ್ಟವೋ ಅದಕ್ಕೇ ಮೊದಲ ಸರದಿ. ಬೆಳಿಗ್ಗೆ ಬಚ್ಚಲಿಗೆ ಯಾರು ಮೊದಲು ಎಂಬುದಕ್ಕೂ ಅದೇ ಕಾನೂನು, ಹೊಟ್ಟೆ ಕೆಟ್ಟವರದೇ ಗೆಲುವು. ಪಾತ್ರೆ ತೊಳೆಯುವಾಗ ತಳ ಹಿಡಿದ ಪಾತ್ರೆಗೇ ಅಗ್ರ ಮರ್ಯಾದೆ. ರಾತ್ರಿ ಊಟಕ್ಕೆ ಕೂತರೆ ಅತ್ತಿಗೆ ಸೌಟು ಹಿಡಿದು ಕೇಳುತ್ತಾರೆ, "ಇವತ್ತು ಯಾರಿಗೆ ಎಲ್ಲರಿಗಿಂತ ಕಷ್ಟ ಆಯ್ತು?" ಯಾರು ಕೈ ಎತ್ತುತ್ತಾರೋ ಅವರಿಗೆ ಮೊದಲು ಬಡಿಸಿ, ಅವರ ಮಾತನ್ನೇ ಮೊದಲು ಕೇಳಬೇಕು. ನನಗೆ ಈ ಪದ್ಧತಿ ಬಲು ಇಷ್ಟ, ಯಾಕೆಂದರೆ ಹೆಚ್ಚಿನ ದಿನ ಕೈ ಎತ್ತುವವಳು ನಾನೇ.

ಆ ದಿನವೂ ಎತ್ತಿದೆ. ಪತ್ರಿಕೆಯ ವಿಷಯ ಒಂದೇ ಉಸಿರಿಗೆ ಹೇಳಿ, "ಊರಿಗೆಲ್ಲ ಉಪಾಯ ಹೇಳೋಳ ಮನೇಲೇ ಹೀಗಾದ್ರೆ ನಾನು ಮುಖ ಎಲ್ಲಿಡ್ಲಿ?" ಎಂದು ತಟ್ಟೆಯನ್ನು ದೂಡಿದೆ.

"ಮುಖ ಇರೋ ಕಡೇನೇ ಇರಲಿ, ತಟ್ಟೆ ಮಾತ್ರ ಈ ಕಡೆ ತಗೋ" ಎಂದ ಅಣ್ಣ. "ಅವಳನ್ನೇ ಕೇಳೋಣ. ಸೈರನ್, ಯಾಕಮ್ಮಾ? ಲೆಕ್ಕ ಗೊತ್ತಿರಲಿಲ್ವಾ?"

"ಗೊತ್ತಿತ್ತು" ಎಂದಳು ಸೈರನ್.

ಅದೂ ನಿಜವೇ. ಮನೆಯಲ್ಲಿ ಕೊಟ್ಟರೆ ಉಳಿದೆಲ್ಲ ಲೆಕ್ಕಗಳು ಅವಳಿಗೆ ನೀರು ಕುಡಿದಷ್ಟು ಸಲೀಸು. ಆ ತೊಟ್ಟಿ ಮಾತ್ರ ಆಗಾಗ ಕೈಕೊಡುತ್ತಿತ್ತು. ನಾನು ತಡೆಯದೆ ಕೇಳಿದೆ, "ಹಾಗಾದ್ರೆ ಪೇಪರ್ ಕೈಗೆ ಬಂದ ಮೇಲೆ ಏನು ಮಾಡ್ದೆ, ಹೇಳು."

"ನೀನು ಹೇಳಿದ ಹಾಗೇ ಅತ್ತೆ. ಮೊದಲಿಂದ ಕೊನೇವರೆಗೆ ಓದ್ದೆ."

"ಆಮೇಲೆ?"

"ಎಲ್ಲದಕ್ಕಿಂತ ಕಷ್ಟದ್ದು ಯಾವುದು ಅಂತ ಹುಡುಕ್ದೆ."

"ಯಾಕೆ?"

ಅವಳು ನನ್ನನ್ನು ಮೊದ್ದುಮಣಿಯನ್ನು ನೋಡಿದಂತೆ ನೋಡಿದಳು. "ಅದನ್ನೇ ತಾನೆ ಮೊದಲು ನೋಡ್ಬೇಕು? ಸುಲಭದ್ದು ಕಾಯುತ್ತೆ. ತೊಟ್ಟೀಲಿ ತೂತಿತ್ತು ಅತ್ತೆ, ಸೋರ್ತಾ ಇತ್ತು. ಅದನ್ನ ಹಾಗೇ ಬಿಟ್ಟು ಕೂಡೋ ಲೆಕ್ಕ ಮಾಡ್ಕೊಂಡು ಕೂತ್ಕೊಳ್ಳೋದು ಅನ್ಯಾಯ ಅಲ್ವಾ?"

ಅತ್ತಿಗೆಯ ಸೌಟು ಗಾಳಿಯಲ್ಲೇ ನಿಂತಿತು. ಅಣ್ಣ ಕೆಮ್ಮಿದ. ನಾನು ಅತ್ತಿಗೆಯ ಕಡೆ ತಿರುಗಿದೆ.

"ನನ್ನನ್ಯಾಕೆ ನೋಡ್ತೀಯ ಟೀಚರಮ್ಮ?" ಎಂದರು ಅತ್ತಿಗೆ. "ನಾನೇನು ತೊಟ್ಟಿಗೆ ತೂತು ಕೊರೆದ್ನಾ?"

"ನಿಮ್ಮ ಕಾನೂನು ಅತ್ತಿಗೆ! ಹುಟ್ಟಿದಾಗಿನಿಂದ ಅದನ್ನೇ ಅರೆದು ಕುಡಿಸಿದ್ದೀರಲ್ಲ!"

"ಕುಡಿಸಿದ್ದು ಒಳ್ಳೇದೇ ಅಲ್ವಾ? ಇನ್ನು ಮೇಲೆ ಕಷ್ಟದಲ್ಲಿರೋರನ್ನ ಬಿಟ್ಟು ಆರಾಮಾಗಿರೋರನ್ನ ನೋಡು ಅಂತ ಮಗಳಿಗೆ ಹೇಳ್ಲಾ? ನನ್ನ ಬಾಯಲ್ಲಿ ಬರಲ್ಲಪ್ಪ."

ನನ್ನ ಬಾಯಲ್ಲಿ ಬರುತ್ತದಲ್ಲ, ನಾನೇ ಹೇಳುತ್ತೇನೆ ಎಂದು ಟೊಂಕ ಕಟ್ಟಿದೆ. ಮರುದಿನದಿಂದ ಶಾಲೆ ಮುಗಿದ ಮೇಲೆ ಅಡುಗೆಮನೆಯ ಮೇಜಿನ ಮೇಲೆ ಅಲಾರಾಂ ಗಡಿಯಾರ ಇಟ್ಟು ಪರೀಕ್ಷೆ ಶುರು ಮಾಡಿದೆ. ನನ್ನ ಕೈಯಾರೆ ಪತ್ರಿಕೆ ಬರೆದೆ, ಕೊನೆಗೆ ತೊಟ್ಟಿಯನ್ನೂ ಇಟ್ಟೆ. ಅವಳು ಮೊದಲ ಲೆಕ್ಕಕ್ಕೆ ಕೈ ಹಾಕುತ್ತಾಳೆ, ಅರ್ಧಕ್ಕೆ ಬರುವಷ್ಟರಲ್ಲಿ ಕಣ್ಣು ಕೊನೆಯ ಲೆಕ್ಕಕ್ಕೆ ಜಾರುತ್ತದೆ. ಕೆಳಗಿನ ಭಾಗವನ್ನು ರಟ್ಟಿನಿಂದ ಮುಚ್ಚಿ ಕೊಟ್ಟೆ. ಅವಳು ಆ ರಟ್ಟನ್ನೇ ನೋಡುತ್ತಾ ಕೂತಳು.

"ಏನೇ ಅದು, ರಟ್ಟು ನೋಡ್ತಾ ಕೂತಿದ್ದೀಯ?"

"ಅದರ ಕೆಳಗೆ ಅದಿದೆ ಅಂತ ಗೊತ್ತಲ್ಲ ಅತ್ತೆ."

ತೊಟ್ಟಿಯನ್ನೇ ತೆಗೆದುಹಾಕಿದೆ. ಆಗ ಉಳಿದವುಗಳಲ್ಲೇ ಕಷ್ಟದ್ದನ್ನು ಹುಡುಕಿ ಅದಕ್ಕೆ ಗಂಟುಬಿದ್ದಳು. ಅಣ್ಣ ಬಂದು ತನ್ನ ವಿದ್ಯೆ ಧಾರೆಯೆರೆದ. "ದಾರಿ ಬಂದ್ ಆಗಿದ್ರೆ ಅಲ್ಲೇ ನಿಂತು ಹಾರ್ನ್ ಹೊಡೀಬಾರ್ದು ಮಗಳೇ, ಪಕ್ಕದ ರಸ್ತೆ ಹಿಡೀಬೇಕು." ಸೈರನ್ ಯೋಚಿಸಿ ಕೇಳಿದಳು, "ಪಕ್ಕದ ರಸ್ತೆ ಹಿಡಿದ್ರೂ ನೀನು ಅದೇ ಪೇಷೆಂಟ್ ಹತ್ರ ತಾನೇ ಹೋಗೋದು ಅಪ್ಪಾ? ಬೇರೆ ಸುಲಭದ ಪೇಷೆಂಟ್ ಹತ್ರ ಹೋಗಲ್ವಲ್ಲ?" ಅಣ್ಣ ತಲೆ ಕೆರೆದುಕೊಂಡು ಗಾಡಿ ತೊಳೆಯಲು ಹೋದ. ಮಾತಿನಲ್ಲಿ ಅಮ್ಮನ ಮಗಳೇ, ಸೋಲುವವಳಲ್ಲ.

ನನ್ನ ಉಪದೇಶವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು. ಒಂದು ಸಂಜೆ ತಾಳ್ಮೆಯ ಕಟ್ಟೆ ಒಡೆದು, "ಹೀಗೇ ಇರು! ಎರಡು ಜಡೆಯವಳು ಮೇಲೆ ಹೋಗ್ತಾಳೆ, ನೀನು ಕೆಳಗೆ ಕೂತ್ಕೊಂಡು ತೊಟ್ಟಿ ಕಾಯ್ತಿರು!" ಎಂದು ಕಿರುಚಿಬಿಟ್ಟೆ. ಸೈರನ್ ತಲೆ ತಗ್ಗಿಸಿದಳು. ಹಾಳೆಯ ಮೇಲೆ ತೊಟ್ಟಿಯ ಪಕ್ಕದಲ್ಲೇ ಎರಡು ಹನಿ ಬಿದ್ದವು. ಉಸಿರಿನ ಸದ್ದೂ ಇರಲಿಲ್ಲ. ಹುಟ್ಟಿದಾಗ ಇಡೀ ವಾರ್ಡು ಎಬ್ಬಿಸಿದ ಮಗು ಹೀಗೆ ಅಳುವುದನ್ನು ನೋಡಿ ನನಗೆ ನನ್ನ ನಾಲಿಗೆಯನ್ನೇ ಕಿತ್ತೆಸೆಯಬೇಕು ಅನ್ನಿಸಿತು. ಗಡಿಯಾರವನ್ನು ಕಪಾಟಿಗೆ ಹಾಕಿ, ಅವಳನ್ನು ತಬ್ಬಿ ಕೂತೆ. ಅಂದು ಊಟದ ಹೊತ್ತಿಗೆ ಇಬ್ಬರೂ ಕೈ ಎತ್ತಲಿಲ್ಲ.

ಆ ಭಾನುವಾರ ಅತ್ತಿಗೆ ಊಟದ ಡಬ್ಬಿ ಮರೆತು ಡ್ಯೂಟಿಗೆ ಹೋದರು. ನಾನೂ ಸೈರನ್ನೂ ಡಬ್ಬಿ ಹಿಡಿದು ಆಸ್ಪತ್ರೆಗೆ ಹೋದೆವು. ತುರ್ತು ವಿಭಾಗ ಅಂದರೆ ಒಂದು ಉದ್ದನೆಯ ಕೋಣೆ. ಎರಡೂ ಕಡೆ ಪರದೆ ಹಾಕಿದ ಹಾಸಿಗೆಗಳು, ಬಾಗಿಲ ಬಳಿ ಅತ್ತಿಗೆಯ ಮೇಜು, ಗೋಡೆ ಪಕ್ಕ ಕಬ್ಬಿಣದ ಬೆಂಚುಗಳು, ಫಿನಾಯಿಲಿನ ವಾಸನೆ. ಆ ಹೊತ್ತಿಗೆ ಕೋಣೆ ಖಾಲಿಯಿತ್ತು. ಒಬ್ಬ ಅಜ್ಜ ಮಾತ್ರ ಕೈಗೆ ಕಟ್ಟಿದ ಬ್ಯಾಂಡೇಜನ್ನು ಮೆಚ್ಚಿ ನೋಡಿಕೊಳ್ಳುತ್ತಾ ಕೂತಿದ್ದ. ಅತ್ತಿಗೆ ಡಬ್ಬಿಯ ಮುಚ್ಚಳ ತೆಗೆದು ಮೊದಲ ತುತ್ತು ಎತ್ತಿದರು. ಅಷ್ಟರಲ್ಲಿ ಹೊರಗೆ ಗದ್ದಲ ಎದ್ದಿತು.

ಬಾಗಿಲಿನಿಂದ ಒಂದು ಇಡೀ ಕಚೇರಿ ಒಳಗೆ ನುಗ್ಗಿತು. ಎಲ್ಲರ ಕೊರಳಲ್ಲೂ ಒಂದೇ ಬಣ್ಣದ ಟೈ. ಯಾರೋ ನಿವೃತ್ತರಾಗುತ್ತಿದ್ದರಂತೆ, ಅದಕ್ಕೆ ರಜೆಯ ದಿನ ಎಲ್ಲರೂ ಸೇರಿ ಗ್ರೂಪ್ ಫೋಟೋ. ಹಿಂದಿನ ಸಾಲಿನವರು ಬೆಂಚಿನ ಮೇಲೆ ಬೆಂಚು ಇಟ್ಟು ನಿಂತಿದ್ದಾರೆ, ಫೋಟೋದವನು "ಇನ್ನೂ ಸ್ವಲ್ಪ ಒತ್ತಿ ನಿಲ್ಲಿ" ಎಂದಿದ್ದಾನೆ, ಒತ್ತಿದ್ದಾರೆ, ಹಿಂದಿನ ಸಾಲು ಮುಂದಿನ ಸಾಲಿನ ಮೇಲೆ, ಮುಂದಿನ ಸಾಲು ಫೋಟೋದವನ ಮೇಲೆ. ಒಬ್ಬರ ಮೊಣಕೈ ತರಚಿದೆ, ಇನ್ನೊಬ್ಬರ ಕಾಲು ಉಳುಕಿದೆ, ಮೂರನೆಯವರ ಹಣೆ ಊದಿದೆ. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ಎಲ್ಲರಿಗಿಂತ ಜೋರು ಮ್ಯಾನೇಜರರ ದನಿ.

"ಸಿಸ್ಟರ್, ನನ್ನನ್ನ ಮೊದಲು ನೋಡಿ! ರಕ್ತ! ರಕ್ತ ಬರ್ತಿದೆ!" ಎಂದು ಕಿರುಬೆರಳನ್ನು ಎತ್ತಿ ಹಿಡಿದಿದ್ದರು.

ಸೈರನ್ ನನ್ನ ಸೆರಗು ಹಿಡಿದು ತುದಿಗಾಲಲ್ಲಿ ನಿಂತಳು. ಅಮ್ಮ ಈಗ ಎಲ್ಲರಿಗಿಂತ ಹೆಚ್ಚು ಪೆಟ್ಟಾದವರ ಹತ್ತಿರ ಓಡುತ್ತಾರೆ ಎಂದು ಅವಳ ಕಣ್ಣು ಹುಡುಕುತ್ತಿತ್ತು. ಅತ್ತಿಗೆ ಓಡಲಿಲ್ಲ. ತುತ್ತನ್ನು ಡಬ್ಬಿಗೆ ಹಾಕಿ, ಕೈ ಒರೆಸಿಕೊಂಡು, ಕುರ್ಚಿಯ ಮೇಲೆ ಹತ್ತಿ ನಿಂತು, ಒಂದು ಕೂಗು ಹಾಕಿದರು.

"ನಡೆಯೋಕೆ ಆಗೋರೆಲ್ಲ ಗೋಡೆ ಕಡೆ ಹೋಗಿ! ಬೆಂಚಿನ ಮೇಲೆ ಕೂತ್ಕೊಳ್ಳಿ! ಈಗಲೇ!"

ಆ ದನಿಗೆ ಇಡೀ ಕಚೇರಿ ಬಾಲ ಮುದುರಿ ಗೋಡೆ ಕಡೆ ನಡೆಯಿತು. ಮ್ಯಾನೇಜರರು ಎಲ್ಲರಿಗಿಂತ ಮುಂದೆ, ಬಲು ಚುರುಕಾಗಿ ನಡೆದರು. ಕೋಣೆ ಒಮ್ಮೆಲೇ ಬಿಡುವಾಯಿತು. ನಡುವೆ ನೆಲದ ಮೇಲೆ ಒಬ್ಬ ಮಾತ್ರ ಉಳಿದ, ಅವರೇ ಹೊತ್ತು ತಂದು ಇಳಿಸಿ ಮರೆತಿದ್ದ ಫೋಟೋದವನು. ಮೈಯೆಲ್ಲ ಬೆವರಿ, ಮುಖ ಬಿಳುಚಿ, ಕ್ಯಾಮೆರಾವನ್ನು ಎದೆಗವಚಿಕೊಂಡು ಸುಮ್ಮನೆ ಕೂತಿದ್ದ. ಅವನ ಬಲಗಾಲು ಬಾಗಬಾರದ ಕಡೆ ಬಾಗಿತ್ತು. ಇಷ್ಟು ಹೊತ್ತು ಟೈಗಳ ಗುಂಪಿನ ನಡುವೆ ಅವನಿದ್ದುದೇ ನಮಗ್ಯಾರಿಗೂ ಕಂಡಿರಲಿಲ್ಲ. ಅತ್ತಿಗೆ ನೆಟ್ಟಗೆ ಅವನ ಹತ್ತಿರ ಹೋದರು, ಡಾಕ್ಟರರನ್ನು ಕರೆದರು, ಸ್ಟ್ರೆಚರ್ ಬಂತು. ಅವನು ಆ ನೋವಿನಲ್ಲೂ, "ಫೋಟೋ ಮಾತ್ರ ಚೆನ್ನಾಗಿ ಬಂದಿದೆ ಸಿಸ್ಟರ್. ಎಲ್ಲರೂ ಗಾಳೀಲಿದ್ದಾರೆ" ಎಂದ.

ಗೋಡೆ ಕಡೆಯವರ ಗಾಯಗಳನ್ನು ಇನ್ನಿಬ್ಬರು ನರ್ಸುಗಳು ಸಾಲಾಗಿ ತೊಳೆದು ಕಳಿಸಿದರು. ಮ್ಯಾನೇಜರರ ಕಿರುಬೆರಳಿಗೆ ಒಂದು ಸಣ್ಣ ಪಟ್ಟಿ ಸಾಕಾಯಿತು.

ಗದ್ದಲ ತಣ್ಣಗಾಗಿ ಅತ್ತಿಗೆ ಮತ್ತೆ ಡಬ್ಬಿಯ ಮುಂದೆ ಕೂತಾಗ ಸೈರನ್ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಅವಳಿಗೆ ಸಿಟ್ಟು ಬಂದಿತ್ತು.

"ಅಮ್ಮಾ, ನೀನು ಕಷ್ಟದವರನ್ನ ಮೊದಲು ನೋಡ್ಲಿಲ್ಲ! ಸುಲಭದವರನ್ನ ಮೊದಲು ಕಳಿಸ್ದೆ!"

"ಹೂಂ ಮತ್ತೆ" ಎಂದರು ಅತ್ತಿಗೆ ತುತ್ತು ಅಗಿಯುತ್ತಾ. "ಒಬ್ಬೊಬ್ರೇ ಬಂದ್ರೆ ಕಷ್ಟದವರಿಗೆ ಮೊದಲು. ಗುಂಪಾಗಿ ಬಂದ್ರೆ ನಡೆಯೋರನ್ನ ಮೊದಲು ಪಕ್ಕಕ್ಕೆ ಕಳಿಸ್ಬೇಕು ಕಣೇ. ಇಲ್ದಿದ್ರೆ ಕಾಲು ಮುರಿದೋನು ನನಗೆ ಕಾಣಿಸ್ತಾನೇ ಇರಲಿಲ್ಲ. ಅವನನ್ನ ಬಿಟ್ಟಿದ್ದಲ್ಲ ಅದು. ಅವನಿಗೆ ಜಾಗ ಮಾಡಿದ್ದು."

"ಮತ್ತೆ ಮನೇಲಿ ಯಾಕೆ ಹೇಳ್ಲಿಲ್ಲ ಇದನ್ನ?"

"ಮನೇಲಿ ಗುಂಪೆಲ್ಲಿದೆ? ಇರೋರೇ ನಾಲ್ಕು ಜನ. ಗುಂಪಿನಷ್ಟು ಗಲಾಟೆ ಮಾಡೋಳು ನಿಮ್ಮತ್ತೆ ಒಬ್ಬಳೇ."

ಬೇರೆ ಹೊತ್ತಾಗಿದ್ದರೆ ಈ ಮಾತಿಗೆ ನಾನು ಜಗಳವಾಡದೆ ಬಿಡುತ್ತಿರಲಿಲ್ಲ. ಆದರೆ ಸೈರನ್ ಮುಖ ನೋಡಿ ಬಾಯಿ ಮುಚ್ಚಿಕೊಂಡೆ. ಅವಳು ಗೋಡೆ ಪಕ್ಕದ ಖಾಲಿ ಬೆಂಚುಗಳನ್ನು ನೋಡುತ್ತಿದ್ದಳು. ಬಸ್ಸು ಹತ್ತಿದೆವು. ನಮ್ಮ ಸ್ಟಾಪ್ ಬರುವಷ್ಟರಲ್ಲಿ ನನ್ನ ತೋಳು ಎಳೆದಳು.

"ಅತ್ತೆ, ಪ್ರಶ್ನೆಪತ್ರಿಕೇಲಿ ಲೆಕ್ಕಗಳು ಒಂದೊಂದಾಗಿ ಬರಲ್ಲ ಅಲ್ವಾ?"

"ಇಲ್ಲ."

"ಗುಂಪಾಗಿ ಬರ್ತವೆ."

"ಹೌದಮ್ಮಾ ಹೌದು!" ಎಂದು ಕೂಗಿಬಿಟ್ಟೆ. ಮುಂದಿನ ಸೀಟಿನವರು ತಿರುಗಿ ನೋಡಿದರು. ವರ್ಷವಿಡೀ ನಾನು ಗಂಟಲು ಒಣಗಿಸಿಕೊಂಡು ಹೇಳಿದ್ದೂ ಇದನ್ನೇ. ನನ್ನ ಬಾಯಲ್ಲಿ ಬಂದಾಗ ತಲೆಗೆ ಹೋಗದ್ದು, ಅವಳಮ್ಮ ಒಂದು ಸಲ ಕುರ್ಚಿ ಹತ್ತಿದ ಮಾತ್ರಕ್ಕೆ ಹೋಯಿತೇ ಎಂದು ಸ್ವಲ್ಪ ಹೊಟ್ಟೆಯುರಿಯೂ ಆಯಿತು. ಆದರೆ ಖುಷಿ ಅದಕ್ಕಿಂತ ದೊಡ್ಡದಿತ್ತು.

ಅಂದಿನಿಂದ ನಮ್ಮ ಅಡುಗೆಮನೆಯ ಮೇಜೇ ತುರ್ತು ವಿಭಾಗವಾಯಿತು. ಕಪಾಟಿನಿಂದ ಗಡಿಯಾರ ಹೊರಬಂತು. ಸೈರನ್ ಪತ್ರಿಕೆ ಓದಿ, "ನಡೆಯೋರೆಲ್ಲ ಗೋಡೆ ಕಡೆ!" ಎಂದು ಪಿಸುಗುಟ್ಟಿ, ಬರುವ ಲೆಕ್ಕಗಳಿಗೆ ಗುರುತು ಹಾಕಿ, ಅವನ್ನು ಸಾಲಾಗಿ ಮುಗಿಸತೊಡಗಿದಳು. ಅತ್ತಿಗೆಯೂ ಈಗ ಹುರುಪಿನಿಂದ ಸೇರಿಕೊಂಡರು. ಉತ್ತರ ಸರಿಯಿದೆಯೇ ಎಂದು ಅಂದಾಜು ಮಾಡುವುದನ್ನು ನಾನು ವಿವರಿಸುತ್ತಿದ್ದರೆ ನಡುವೆ ಬಾಯಿ ಹಾಕಿ, "ಜ್ವರ ನೂರಾ ಅರವತ್ತು ಡಿಗ್ರಿ ತೋರಿಸಿದ್ರೆ ಪೇಷೆಂಟ್ ಸುಟ್ಟುಹೋದ ಅಂತೀಯಾ, ಥರ್ಮಾಮೀಟರ್ ಕೆಟ್ಟಿದೆ ಅಂತೀಯಾ? ಹಾಗೇ ಇದೂ" ಎಂದರು. ಹಂತ ಹಂತವಾಗಿ ಬರೆಯಬೇಕು ಎಂದು ನಾನು ಹೇಳಿದರೆ, "ಕೊಟ್ಟ ಔಷಧಿ ಬರೆದಿಡದಿದ್ರೆ ಮುಂದಿನ ನರ್ಸ್‌ಗೆ ಹೇಗೆ ಗೊತ್ತಾಗುತ್ತೆ?" ಎಂದರು. ತೊಟ್ಟಿ ಇನ್ನೂ ಒಮ್ಮೊಮ್ಮೆ ಕೈಕೊಡುತ್ತಿತ್ತು. ಅದು ಬಗೆಹರಿಯದಿದ್ದರೆ ಏನು ಮಾಡಬೇಕು ಎಂದು ಅವಳು ಒಂದು ದಿನ ಕೇಳಿದಳು.

"ನಮ್ಮ ಕೈಲಾಗದ್ದನ್ನ ನಾವೇನು ಬಿಸಾಕ್ತೀವಾ? ಆದಷ್ಟು ಮಾಡಿ, ಬರೆದು, ದೊಡ್ಡ ಆಸ್ಪತ್ರೆಗೆ ಕಳಿಸ್ತೀವಿ" ಎಂದರು ಅತ್ತಿಗೆ.

"ಕರ್ಕೊಂಡು ಹೋಗೋನು ನಾನು" ಎಂದ ಅಣ್ಣ, ಎದೆ ಉಬ್ಬಿಸಿ.

ವಾರ್ಷಿಕ ಪರೀಕ್ಷೆಯ ದಿನ ನನಗೆ ಕೊಠಡಿಯೊಳಗೆ ಕೆಲಸವಿರಲಿಲ್ಲ, ಮೊಗಸಾಲೆಯಲ್ಲಿ ಹೆಚ್ಚುವರಿ ಹಾಳೆ ಹಂಚುವ ಓಡಾಟ. ಅವಳ ಕೊಠಡಿಯ ಕಿಟಕಿಯ ಮುಂದೆ ನನ್ನ ಕಾಲು ತಾನಾಗೇ ನಿಧಾನವಾಗುತ್ತಿತ್ತು. ಮೊದಲ ಸಲ ಇಣುಕಿದಾಗ ಪೆನ್ನಿನ ಮುಚ್ಚಳ ಹಾಕಿಯೇ ಇತ್ತು, ಬೆರಳು ಪತ್ರಿಕೆಯ ಮೇಲೆ ಇಳಿಯುತ್ತಿತ್ತು, ತುಟಿ ಅಲ್ಲಾಡುತ್ತಿತ್ತು. ಭಲೇ, ಕಳಿಸು ಎಲ್ಲರನ್ನೂ ಗೋಡೆ ಕಡೆ ಎಂದುಕೊಂಡೆ. ಎರಡನೇ ಸಲ ಅವಳು ತಲೆ ಎತ್ತದೆ ಬರೆಯುತ್ತಿದ್ದಳು. ಆಮೇಲೆ ಮೇಲಿನ ಮಹಡಿಯಿಂದ ಹಾಳೆ ಬೇಕೆಂದು ಕರೆ ಬಂತು, ಹೋಗಿ ಬರುವಷ್ಟರಲ್ಲಿ ಕೊನೆಯ ಗಂಟೆಗೆ ಸ್ವಲ್ಪವೇ ಹೊತ್ತಿತ್ತು. ಕಿಟಕಿಯಲ್ಲಿ ಇಣುಕಿದೆ. ಉಗುರು ಹಲ್ಲಿನ ನಡುವೆ, ಹಣೆಯಲ್ಲಿ ಗಂಟು, ಹಾಳೆಯ ತುಂಬ ಚಿತ್ತುಕಾಟು, ನಡುವೆ ತೊಟ್ಟಿಯ ಚಿತ್ರ. ಅದೇ ಹಳೇ ಮುಖ. ಉಳಿದ ಲೆಕ್ಕ ಮುಗಿಸಿ ಅಲ್ಲಿಗೆ ಬಂದಿದ್ದಾಳೋ, ಇಲ್ಲಾ ನಡುವೆಯೇ ತೂತಿನ ಸೆಳೆತಕ್ಕೆ ಬಿದ್ದಳೋ, ಹೊರಗಿನಿಂದ ಹೇಗೆ ಗೊತ್ತಾಗಬೇಕು? ಗಂಟೆ ಹೊಡೆಯಿತು.

ಹೊರಗೆ ಬಂದವಳು, "ತೊಟ್ಟಿ ಬಂದಿತ್ತು ಅತ್ತೆ" ಎಂದಷ್ಟೇ ಹೇಳಿ ಎರಡು ಜಡೆಯವಳ ಹಿಂದೆ ಓಡಿದಳು.

ಸಂಜೆ ಕೇಳೋಣವೆಂದರೆ ಅತ್ತಿಗೆಯ ಹೊಸ ಕಾನೂನು ಜಾರಿಗೆ ಬಂದಿತ್ತು. "ಹೊಲಿಗೆ ಹಾಕಿದ ಮೇಲೆ ಗಾಯ ಬಿಚ್ಚಿ ನೋಡಬಾರ್ದು. ಯಾರೂ ಅವಳನ್ನ ಏನೂ ಕೇಳ್ಬೇಡಿ." ಯಾರೂ ಅಂದರೆ ನಾನೇ ಎಂಬುದು ಎಲ್ಲರಿಗೂ ಗೊತ್ತಿತ್ತು. ಫಲಿತಾಂಶ ಬರುವವರೆಗೆ ನಾನು ಬಾಯಿಗೆ ಬೀಗ ಹಾಕಿಕೊಂಡು ಓಡಾಡಿದೆ. ನನ್ನಂಥವಳಿಗೆ ಅದಕ್ಕಿಂತ ಶಿಕ್ಷೆ ಬೇಕೇ? ಸ್ಟಾಫ್ ರೂಮಿನಲ್ಲಿ ಕಾಲಂಕ ಮೇಷ್ಟ್ರು ಪತ್ರಿಕೆ ತಿದ್ದುತ್ತಿದ್ದರೆ ಅವರ ಕೆಂಪು ಪೆನ್ನಿನ ಸದ್ದಿಗೇ ನಾನು ಎದ್ದು ಮೊಗಸಾಲೆಗೆ ಹೋಗಿಬಿಡುತ್ತಿದ್ದೆ.

ಕೊನೆಗೊಂದು ಮಧ್ಯಾಹ್ನ ಅವರು ನನ್ನ ಮೇಜಿನ ಹತ್ತಿರ ಬಂದು, ಪತ್ರಿಕೆ ಇಟ್ಟು, ಕನ್ನಡಕ ತೆಗೆದು ಒರೆಸತೊಡಗಿದರು. ನಾನು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡೆ.

"ಟೀಚರ್, ನಿಮ್ಮ ಮನೆಯವರು ಇದನ್ನ ಪರೀಕ್ಷೆ ಅಂದ್ಕೊಂಡಿದ್ದಾರಾ, ಆಸ್ಪತ್ರೆ ಅಂದ್ಕೊಂಡಿದ್ದಾರಾ?"

ಹಾಳೆ ತಿರುಗಿಸಿದೆ. ಸಂಕಲನಕ್ಕೆ ಸರಿ ಗುರುತು, ಭಿನ್ನರಾಶಿಗೆ ಸರಿ ಗುರುತು, ಶೇಕಡಾವಾರಿನಲ್ಲಿ 'ಆದ್ದರಿಂದ' ಇಲ್ಲದ್ದಕ್ಕೆ ಕಾಲು ಅಂಕ ಹೋಗಿತ್ತು, ತ್ರಿಭುಜಕ್ಕೆ ಸರಿ ಗುರುತು. ನಡೆಯುವವರೆಲ್ಲ ಗೋಡೆ ಕಡೆ ಸಾಲಾಗಿ ಕೂತಿದ್ದರು. ಪಾಸಿನ ಗೆರೆ ಅಲ್ಲೇ ಎಲ್ಲೋ ಹಿಂದೆ ಉಳಿದಿತ್ತು. ನನ್ನ ಕಣ್ಣು ಮಂಜಾಯಿತು, ಆದರೂ ಕೊನೆಯ ಹಾಳೆಗೆ ಬಂದೆ. ತೊಟ್ಟಿಯ ಮೊದಲ ಎರಡು ಹಂತ ಸರಿಯಾಗಿದ್ದವು, ಆಮೇಲೆ ಕಾಟು, ಗೀಟು. ಅದರ ಕೆಳಗೆ ಗುಂಡನೆಯ ಅಕ್ಷರದಲ್ಲಿ ಬರೆದಿದ್ದಳು:

'ಸೋರುವುದು ಇನ್ನೂ ನಿಂತಿಲ್ಲ. ಪ್ರಥಮ ಚಿಕಿತ್ಸೆ ಕೊಡಲಾಗಿದೆ. ಹೆಚ್ಚಿನ ಚಿಕಿತ್ಸೆಗಾಗಿ ಎಂಟನೇ ತರಗತಿಗೆ ಕಳಿಸಲಾಗಿದೆ.'

ಎರಡು ಹಂತಗಳಿಗೆ ಮೇಷ್ಟ್ರು ಅಂಕ ಕೊಟ್ಟಿದ್ದರು, ಕಾಲು ಕೂಡ ಕಳೆಯದೆ. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಅವರ ಮುತ್ತಿನಂಥ ಬರಹ: 'ರೋಗಿಯನ್ನು ಒಂಟಿಯಾಗಿ ಕಳಿಸುವಂತಿಲ್ಲ. ಈ ಹುಡುಗಿಯೇ ಜೊತೆಯಲ್ಲಿ ಹೋಗತಕ್ಕದ್ದು.'

ನಾನು ಸ್ಟಾಫ್ ರೂಮಿನಲ್ಲೇ ಅತ್ತುಬಿಟ್ಟೆ, ಯಾವ ಕೋಪದ ಬಾಗಿಲನ್ನೂ ದಾಟದೆ, ನೇರವಾಗಿ. "ಒರೆಸ್ಕೊಳ್ಳಿ ಟೀಚರ್, ಈಗಾಗಲೇ ಒಂದು ತೊಟ್ಟಿ ಸೋರ್ತಿದೆ" ಎಂದರು ಮೇಷ್ಟ್ರು. ಅವರ ಮೀಸೆಯ ಒಂದು ತುದಿ ಮೇಲಕ್ಕೆ ಹೋಗಿತ್ತು. ಕಾಲು ಭಾಗ ನಕ್ಕಿದ್ದರು.

ಫಲಿತಾಂಶ ಪ್ರಕಟವಾದ ದಿನ ಸಂಜೆ ಸೈರನ್ ಮೆಟ್ಟಿಲು ಹತ್ತಿ ಮನೆ ಬಾಗಿಲಿಗೆ ಬಂದು ಬಾಯಿ ತೆರೆದಳು. ಹುಟ್ಟಿದ ದಿನದ ಆ ಹಳೇ ಸದ್ದು ಹೊರಬಂತು. ಪಕ್ಕದ ಮನೆಯ ಕಿಟಕಿ ತೆರೆಯಿತು, ಕೆಳಗೆ ಯಾರದೋ ನಾಯಿ ಉತ್ತರ ಕೊಟ್ಟಿತು, ಮಂಚದ ಮೇಲೆ ಒರಗಿದ್ದ ಅಣ್ಣ ಅಭ್ಯಾಸಬಲದಿಂದ ಗಾಡಿಯ ಕೀಲಿಕೈ ಹಿಡಿದು ಬಾಗಿಲಿಗೆ ಓಡಿಬಂದ. ಆಮೇಲೆ ವಿಷಯ ತಿಳಿದು ಮಗಳನ್ನು ಎತ್ತಿ ತಿರುಗಿಸಿ, ಸೊಂಟ ಹಿಡಿದುಕೊಂಡು ಕೂತ.

ರಾತ್ರಿ ಊಟಕ್ಕೆ ಕೂತಾಗ ಅತ್ತಿಗೆ ಸೌಟು ಹಿಡಿದು ಎಂದಿನಂತೆ ಕೇಳಿದರು, "ಇವತ್ತು ಯಾರಿಗೆ ಎಲ್ಲರಿಗಿಂತ ಕಷ್ಟ ಆಯ್ತು?"

ಅಣ್ಣ ಸೊಂಟ ತೋರಿಸಿ ಕೈ ಎತ್ತಿದ. ಸೈರನ್ ಅವನ ಕೈ ಕೆಳಗಿಳಿಸಿದಳು.

"ತೊಟ್ಟಿಗೆ" ಎಂದಳು. "ಪಾಪ, ಇನ್ನೂ ಸೋರ್ತಾನೇ ಇದೆ."

ಒಂದು ಖಾಲಿ ಹಾಳೆ ತಂದು ತಟ್ಟೆಯ ಪಕ್ಕದಲ್ಲಿ ಇಟ್ಟುಕೊಂಡಳು. ಮೇಜಿನ ಮೇಲೆ ಬೇರೆ ಯಾವ ಲೆಕ್ಕವೂ ಇರಲಿಲ್ಲ, ಅದೊಂದೇ. ನನ್ನ ನಾಲಿಗೆ ತುರಿಸುತ್ತಿತ್ತು, 'ತೂತಿನದನ್ನು ಕಳೆಯೇ, ಕೂಡಬೇಡ' ಎನ್ನಲು. ಅತ್ತಿಗೆ ಮೇಜಿನ ಕೆಳಗೆ ನನ್ನ ಕಾಲು ತುಳಿದರು. ಸಾರು ಆರುತ್ತಿತ್ತು, ಯಾರೂ ತುತ್ತು ಎತ್ತಲಿಲ್ಲ. ಸೈರನ್ ಎರಡು ನಲ್ಲಿಗಳನ್ನು ಕೂಡಿದಳು, ಪೆನ್ನು ಕಚ್ಚಿದಳು, ತೂತನ್ನು ಕಳೆದಳು.

"ಮೂರು ಗಂಟೇಲಿ ತುಂಬುತ್ತೆ" ಎಂದಳು. ಆಮೇಲೆ ಹಾಳೆಯನ್ನು ಪಕ್ಕಕ್ಕಿಟ್ಟು ತಟ್ಟೆ ಮುಂದಕ್ಕೆಳೆದುಕೊಂಡಳು. "ಈಗ ನನಗೆ ಬಡಿಸಮ್ಮಾ."